ತಂಗೀ, ಗೊತ್ತೈತೇನು?

ಎಡಗಾಲು ಉಳುಕಿ ಇವತ್ತಿಗೆ ಆರು ದಿನ. ದಿಂಬಿನ ಮೇಲೆ ಕಾಲಿಟ್ಟುಕೊಂಡು ಕೂತಿದ್ದೇನೆ. ನೋಡಲು ಬಂದವರು ಬಾಳೆಹಣ್ಣು ತಂದರು, ಬಿಸ್ಕೀಟು ತಂದರು. ಇಬ್ಬರು ನೋವಿನ ಎಣ್ಣೆ ತಂದರು. ನಮ್ಮ ಕಾಕಾ ಮಾತ್ರ ಒಂದು ಪ್ರಶ್ನೆ ತಂದರು.

‘ತಂಗೀ, ಗೊತ್ತೈತೇನು? ಮನುಷ್ಯಾನ ಮೈಯಾಗ 206 ಎಲುಬು. ಅದರಾಗ ಎರಡೂ ಪಾದದ್ದು ಎಷ್ಟು ಹೇಳು?’

ನಾನು ಹೇಳಲಿಲ್ಲ. ಹೇಳದಿದ್ದರೆ ಅವರಿಗೇನೂ ಅಡ್ಡಿಯಿಲ್ಲ.

‘52! ಒಂದೊಂದು ಪಾದಕ್ಕ 26. ಅಂದ್ರ ಮೈಯಾಗಿನ ಎಲುಬಿನಾಗ ಕಾಲು ಭಾಗ ಕಾಲಾಗ ಅದಾವ!’ ಅಂದು ತಮ್ಮ ಮಾತಿಗೆ ತಾವೇ ನಕ್ಕರು. ನನ್ನ ಕಾಲು ಉಳುಕಿದ್ದೇ ಇವರ ದೆಸೆಯಿಂದ. ಅದು ಅವರಿಗೆ ನೆನಪೇ ಇದ್ದಂತಿಲ್ಲ.

ಕಾಕಾ ಅಂದರೆ ನಮ್ಮಪ್ಪನ ಚಿಕ್ಕಪ್ಪನ ಮಗ. ನಮ್ಮ ಓಣಿಯಲ್ಲೇ ನಾಲ್ಕನೇ ಮನೆ. ಹೈಸ್ಕೂಲು ಮಾಸ್ತರಾಗಿ ರಿಟೈರ್ ಆದವರು. ಬಿಪಿ ಇಲ್ಲ, ಶುಗರ್ ಇಲ್ಲ, ಇರುವುದು ಇದೊಂದೇ. ಯಾರಿಗಾದರೂ ಏನಾದರೂ ಗೊತ್ತಿಲ್ಲ ಅಂತ ತಿಳಿದರೆ ರಾತ್ರಿ ಅವರಿಗೆ ನಿದ್ದೆ ಬರುವುದಿಲ್ಲ. ಬೆಳಿಗ್ಗೆ ಬಂದು ನಮ್ಮ ನಿದ್ದೆ ಕೆಡಿಸುತ್ತಾರೆ.

ಹೋದ ಬೇಸಿಗೆಯಲ್ಲಿ ಐದು ದಿನದ ಮೇಲೆ ನಳ ಬಂದಿತ್ತು. ಓಣಿಯ ಹೆಂಗಸರೆಲ್ಲ ಕೊಡ ಹಿಡಿದು, ಜಗಳಕ್ಕೂ ತಯಾರಾಗಿ ನಿಂತಿದ್ದೆವು. ಕಾಕಾ ನಡುವೆ ಬಂದು ಚಿರಾಪುಂಜಿ ಶುರು ಮಾಡಿದರು. 1860ರ ಆಗಸ್ಟಿನಿಂದ ಒಂದೇ ವರ್ಷದಲ್ಲಿ ಅಲ್ಲಿ 26,461 ಮಿಲಿಮೀಟರ್ ಮಳೆ ಬಿತ್ತಂತೆ. ಅಂಥ ಊರಲ್ಲೂ ಚಳಿಗಾಲ ಬಂದರೆ ಹೆಂಗಸರು ಕುಡಿಯುವ ನೀರಿಗೆ ಪರದಾಡುತ್ತಾರಂತೆ. ಬಿದ್ದದ್ದೆಲ್ಲ ಗುಡ್ಡ ಇಳಿದು ಹೋಗಿಬಿಡುತ್ತದಂತೆ. ನಾವು ಬಾಯಿ ತೆರೆದುಕೊಂಡು ಕೇಳಿದೆವು. ಅಷ್ಟರಲ್ಲಿ ನಳ ಹೋಯಿತು.

ಇರಲಿ, ಕಾಲಿನ ಕಥೆಗೆ ಬರ್ತೀನಿ. ಅವತ್ತು ರವಿವಾರ. ಡಿಸೆಂಬರಿನ ಥಂಡಿ. ವಾರವಿಡೀ ಕೌಂಟರಿನಲ್ಲಿ ಕೂತು ಬೇರೆಯವರ ದುಡ್ಡು ಎಣಿಸುವ ನನಗೆ ಕೌದಿ ಹೊದ್ದು ಎಂಟರ ತನಕ ಮಲಗುವುದೇ ಹಬ್ಬ. ಆರಕ್ಕೆ ಬಾಗಿಲು ಬಡಿದರು. ಇವತ್ತು ಸೂಟಿ ಕಾಕಾ ಅಂದೆ. ಅನ್ನಬಾರದಿತ್ತು.

‘ಈ ಸೂಟಿ ಯಾರು ಕೊಡಿಸಿದ್ದು ಗೊತ್ತೈತೇನು?’

ನಾರಾಯಣ ಮೇಘಾಜಿ ಲೋಖಂಡೆ ಅಂತೆ. ಮುಂಬಯಿ ಗಿರಣಿ ಕಾರ್ಮಿಕರ ಪರ ವರ್ಷಗಟ್ಟಲೆ ಹೋರಾಡಿ, 1890ರ ಜೂನ್ 10ಕ್ಕೆ ಈ ರವಿವಾರದ ರಜೆ ಗಳಿಸಿಕೊಟ್ಟರಂತೆ. ಆ ಪುಣ್ಯಾತ್ಮ ಅಷ್ಟು ಕಷ್ಟಪಟ್ಟು ತಂದುಕೊಟ್ಟ ನಿದ್ದೆಯನ್ನು ಕಾಕಾ ಹೊಸ್ತಿಲಲ್ಲಿ ನಿಂತು ನುಂಗಿಬಿಟ್ಟರು.

ತಪ್ಪು ನನ್ನದೂ ಇದೆ. ತಮ್ಮ ಒಂದು ಹೆಜ್ಜೆ ಎಣಿಸುವ ವಾಚು ಕೊಡಿಸಿದ್ದ. ದಿನಕ್ಕೆ 10,000 ಆಗದಿದ್ದರೆ ಕೈ ಮೇಲೆ ಗುರ್ ಅನ್ನುತ್ತದೆ. ಅದರ ಕಾಟಕ್ಕೆ ಕಾಕಾನ ಹಿಂದೆ ಹೊರಟೆ. ಕಾಕಾ ಕಿವಿ ಮುಚ್ಚುವಂತೆ ಮಫ್ಲರ್ ಸುತ್ತಿಕೊಂಡು, ನೆಗಡಿ ಬರುವುದು ವೈರಸ್ಸಿನಿಂದ, ಸುಮ್ನೆ ಥಂಡಿಯಿಂದ ಅಲ್ಲ ಅಂತ ವಿವರಿಸುತ್ತಾ ನಡೆದರು.

‘ಮತ್ತ ಈ ಮಫ್ಲರ್ ಯಾಕ?’

‘ನಿಮ್ಮ ಕಾಕು ಒಪ್ಪಂಗಿಲ್ಲ.’

ಗೋಳಗುಮ್ಮಟದ ಹತ್ತಿರ ಬಂದಾಗ ವಾಚಿನಲ್ಲಿ 3,000 ದಾಟಿತ್ತು. ಆಗ ಹೇಳಿದರು. ಈ 10,000 ಯಾವ ಡಾಕ್ಟರೂ ಲೆಕ್ಕ ಹಾಕಿ ಹೇಳಿದ್ದಲ್ಲವಂತೆ. ಟೋಕಿಯೋ ಒಲಿಂಪಿಕ್ಸ್ ಆದ ಮರುವರ್ಷ, 1965ರಲ್ಲಿ, ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಾಟಕ್ಕೆ ತಂದು ಅದಕ್ಕೆ ‘ಹತ್ತು ಸಾವಿರ ಹೆಜ್ಜೆಯ ಮೀಟರ್’ ಅನ್ನುವ ಅರ್ಥದ ಹೆಸರಿಟ್ಟಿತಂತೆ. ಮೂರು ತಿಂಗಳಿಂದ ರಾತ್ರಿ ಊಟವಾದ ಮೇಲೆ ಅಡುಗೆಮನೆಯಿಂದ ಪಡಸಾಲೆಗೆ ಗಾಣದೆತ್ತಿನ ಹಾಗೆ ತಿರುಗಿದ್ದೇನೆ. ಯಾರದೋ ಅಂಗಡಿಯ ಬೋರ್ಡಿಗಾಗಿ! ಇದನ್ನು ಮನೆ ಬಾಗಿಲಲ್ಲೇ ಹೇಳಿದ್ದರೆ ತಿರುಗಿ ಮಲಗುತ್ತಿದ್ದೆ, ಅಲ್ವಾ?

ಗುಮ್ಮಟದ ಕೆಳಗೆ ಮುಹಮ್ಮದ್ ಆದಿಲ್ ಶಾಹ ಮಲಗಿದ್ದಾನೆ, 1656ರಿಂದ. ರವಿವಾರ ಅವನ ಬಾಗಿಲನ್ನು ಯಾರೂ ಬಡಿಯುವುದಿಲ್ಲ. ಹೊಟ್ಟೆಕಿಚ್ಚಾಯಿತು. ಮೂಲೆಯ ಮಿನಾರಿನ ಇಕ್ಕಟ್ಟಾದ ಮೆಟ್ಟಿಲು ಹತ್ತಿ ಪಿಸುಮಾತಿನ ಗ್ಯಾಲರಿಗೆ ಹೋದೆವು. ನಾನು ಒಂದು ಕಡೆ ಗೋಡೆಗೆ ಒರಗಿ ಕೂತೆ. ಕಾಕಾ ನಡೆಯುತ್ತಾ ನನ್ನ ಎದುರು ದಿಕ್ಕಿಗೆ ಹೋಗಿ ನಿಂತರು. ನಡುವೆ ಅಷ್ಟು ದೊಡ್ಡ ಖಾಲಿ ಜಾಗ. ಸದ್ಯ, ಹತ್ತು ನಿಮಿಷ ಶಾಂತಿ ಅಂದುಕೊಂಡೆ. ಇಲ್ಲಿ ಪಿಸುಗುಟ್ಟಿದರೂ ಆಚೆ ಕಡೆ ಕೇಳುತ್ತದೆ ಅನ್ನೋದು ಇದೇ ಊರಲ್ಲಿ ಹುಟ್ಟಿದ ನನಗೆ ಮರೆತುಹೋಗಿತ್ತು.

‘ತಂಗೀ, ಗೊತ್ತೈತೇನು?’ ಗೋಡೆಯೇ ನನ್ನ ಕಿವಿಯಲ್ಲಿ ಕೇಳಿತು.

ನಾನು ಬೇಕಂತಲೇ ಸುಮ್ಮನಿದ್ದೆ. ಕೇಳಿಸಲಿಲ್ಲ ಅಂತ ಕಾಕಾ ದನಿ ಏರಿಸಿದರು. ಇಲ್ಲಿ ಒಂದು ಸದ್ದು ಏಳು ಸಲ ಮರಳಿ ಬರುತ್ತದೆ ಅಂತ ಶಾಲೆಯಲ್ಲಿ ಓದಿದ್ದೇವಲ್ಲ. ‘ಗೊತ್ತೈತೇನು, ತೈತೇನು, ತೇನು, ನು, ನು...’ ಅಷ್ಟರಲ್ಲಿ ರಾತ್ರಿಯೆಲ್ಲ ಪ್ರವಾಸದ ಬಸ್ಸಿನಲ್ಲಿ ಬಂದ ನಲವತ್ತು ಶಾಲೆ ಮಕ್ಕಳು ಮೇಲೆ ಬಂದಿದ್ದರು. ನಲವತ್ತೂ ಒಟ್ಟಿಗೆ ಕೂಗಿದವು: ‘ಗೊತ್ತಿಲ್ರೀ ಸರ್!’

ಕಾಕಾನ ಮುಖ ಎದುರು ದಂಡೆಯಿಂದಲೇ ಅರಳಿದ್ದು ಕಾಣಿಸಿತು. ರಿಟೈರ್ ಆದ ಮೇಲೆ ಮೊದಲ ಸಲ ತರಗತಿ ಭರ್ತಿ.

ಕೈ ಎತ್ತಿ 1904ರ ಸೇಂಟ್ ಲೂಯಿಸ್ ಒಲಿಂಪಿಕ್ಸ್ ಮ್ಯಾರಥಾನ್ ಶುರು ಮಾಡಿದರು. ಈ ಕಥೆ ನಾನು ಮೊದಲೇ ಮೂರು ಸಲ ಕೇಳಿದ್ದರಿಂದ ನಿಮಗೆ ನೆಟ್ಟಗೆ ಹೇಳಬಲ್ಲೆ. ಸುಡುಬಿಸಿಲು, ದಾರಿ ತುಂಬ ಧೂಳು. ಓಟ ಶುರು ಮಾಡಿದವರು 32 ಜನ, ಮುಗಿಸಿದವರು 14. ಮೊದಲು ಬಂದವನು ನಡುವೆ ಮೋಟಾರು ಹತ್ತಿದ್ದ ಅಂತ ಸಿಕ್ಕಿಬಿದ್ದ. ಕೊನೆಗೆ ಗೆದ್ದ ಥಾಮಸ್ ಹಿಕ್ಸ್‌ಗೆ ಶಕ್ತಿ ಬರಲಿ ಅಂತ ಅವನ ಕಡೆಯವರೇ ಓಟದ ನಡುವೆ ಸ್ಟ್ರಿಕ್ನಿನ್ ಕೊಟ್ಟಿದ್ದರು. ಅದು ಇಲಿ ಕೊಲ್ಲುವ ವಿಷ. ಗುಮ್ಮಟದೊಳಗೆ ಇಷ್ಟೆಲ್ಲ ಎಲ್ಲಿ ತಿಳಿಯಬೇಕು? ಒಂದರ ಮೇಲೊಂದು ಮಾತು ಬಿದ್ದು ಗದ್ದಲವಾಗಿ, ಒಂದೇ ಒಂದು ತುಣುಕು ಮಾತ್ರ ಸ್ಪಷ್ಟವಾಗಿ ಸುತ್ತತೊಡಗಿತು: ‘ವಿಷಾ ಕೊಟ್ರು, ಕೊಟ್ರು, ಕೊಟ್ರು...’

ಪ್ರವಾಸದ ಮಾಸ್ತರರ ಎದೆ ಒಡೆಯಿತು. ‘ಯಾರ್ ಕೊಟ್ರು? ಯಾರಿಗ್ ಕೊಟ್ರು?’ ಅದೂ ಏಳು ಸಲ. ಒಂದು ಹುಡುಗಿ ಅಳತೊಡಗಿತು. ಅವಳನ್ನು ನೋಡಿ ಐದು ಅತ್ತವು. ಮಾಸ್ತರರು ಹುಡುಗರನ್ನು ಎಣಿಸತೊಡಗಿದರೆ ಗುಮ್ಮಟವೂ ಜೊತೆಗೆ ಎಣಿಸಿತು. ಲೆಕ್ಕ ಇನ್ನೂರ ಎಂಬತ್ತಕ್ಕೆ ಹೋಗಿರಬೇಕು. ಕಾವಲುಗಾರ ಓಡಿ ಬಂದು ಸೀಟಿ ಊದಿದ. ಆ ಸೀಟಿಯ ಬಗ್ಗೆ ನಾನು ಏನೂ ಹೇಳುವುದಿಲ್ಲ. ಕಾಕಾ ಮಾತ್ರ ಇದ್ಯಾವುದೂ ತಮಗೆ ಸಂಬಂಧವಿಲ್ಲ ಅನ್ನುವಂತೆ ನಾಲ್ಕನೇ ಸ್ಥಾನದವನ ಕಥೆಗೆ ಹೊರಳಿದ್ದರು. ಅವನು ದಾರಿಯಲ್ಲಿ ಕೊಳೆತ ಸೇಬು ತಿಂದು ಮಲಗಿಬಿಟ್ಟಿದ್ದನಂತೆ.

ದುಪಟ್ಟಾ ಮುಖಕ್ಕೆ ಅಡ್ಡ ಹಿಡಿದು ಇಳಿಯುವಾಗ ನನಗೆ ಕೊನೆಯ ಮೆಟ್ಟಿಲು ಕಾಣಲಿಲ್ಲ. ಬಿದ್ದ ರಭಸಕ್ಕೆ ವಾಚು ಹನ್ನೆರಡು ಹೆಜ್ಜೆ ಜಾಸ್ತಿ ಎಣಿಸಿಕೊಂಡಿತು.

ಬೈಯಬೇಕು ಅಂತ ದಿನಾ ಅಂದುಕೊಳ್ಳುತ್ತೇನೆ. ಆದರೆ ನಾನೂ ಅವರ ಶಾಲೆಯಲ್ಲೇ ಓದಿದವಳು. ಪ್ರಾರ್ಥನೆಯ ಕಟ್ಟೆಯ ಪಕ್ಕ ಒಂದು ಕರಿಹಲಗೆ ಇತ್ತು. ‘ಇಂದಿನ ವಿಷಯ’ ಅಂತ ದುಂಡಗೆ ಬರೆದು, ಕೆಳಗೆ ಎರಡು ಸಾಲು. 1582ರಲ್ಲಿ ಕ್ಯಾಲೆಂಡರ್ ಸರಿಮಾಡಲು ರೋಮಿನಲ್ಲಿ ಅಕ್ಟೋಬರ್ 4ರ ಮರುದಿನವನ್ನು 15 ಅಂತ ಮಾಡಿದರು ಅಂತ ಒಮ್ಮೆ ಬರೆದಿದ್ದರು. ‘ನಡುವಿನ ಹತ್ತು ದಿನ ಸೂಟಿ ಇತ್ತೇನ್ರಿ ಸರ್?’ ಅಂತ ಕೇಳಿದ್ದು ನಾನೇ. ಕೈಯಲ್ಲಿದ್ದ ಖಡು ಬೀಳುವ ಹಾಗೆ ನಕ್ಕಿದ್ದರು. ಹೋದ ವರ್ಷ ಚುನಾವಣೆ ಕೆಲಸಕ್ಕೆ ಆ ಶಾಲೆಗೆ ಹೋಗಿದ್ದೆ. ಹಲಗೆ ಹಾಗೇ ಇದೆ. ‘ಇಂದಿನ ವಿಷಯ’ದ ಕೆಳಗೆ ಯಾರೋ ಸೈಕಲ್ ಒರಗಿಸಿದ್ದರು.

ನಿನ್ನೆ ಸಂಜೆಯೂ ಕಾಕಾ ಬಂದರು. ಚಹಾ ಕುಡಿಯುತ್ತಾ 1939ರ ಡರ್ಬನ್ ಟೆಸ್ಟ್ ತೆಗೆದರು. ಇಷ್ಟೇ ದಿನ ಅಂತ ಮಿತಿಯಿಲ್ಲದ ಮ್ಯಾಚು. ಮಾರ್ಚ್ 3ಕ್ಕೆ ಶುರುವಾಗಿ 14ರ ತನಕ ನಡೆಯಿತು. ಇಂಗ್ಲೆಂಡಿಗೆ 696 ಬೇಕಿತ್ತು, 654 ಆಗಿತ್ತು.

‘ಇನ್ನ 42 ರನ್ ಅಷ್ಟ. ಐದು ವಿಕೆಟ್ ಕೈಯಾಗ. ಆಮ್ಯಾಲ ಏನಾತು ಗೊತ್ತೈತೇನು?’

ಅಷ್ಟರಲ್ಲಿ ಕಾಕು ಹೊರಗಿನಿಂದ ‘ರೊಟ್ಟಿ ಆರ್ತಾವ, ಬರ್ರಿ’ ಅಂದರು. ಕಾಕಾ ಕಪ್ಪು ಕೆಳಗಿಟ್ಟು ಎದ್ದು ಹೋದರು. ಪ್ರಶ್ನೆ ಬಿಟ್ಟು ಉತ್ತರ ಹೇಳದೆ ಹೋಗಿದ್ದು ಇದೇ ಮೊದಲು.

ನನಗೇನಾಗಬೇಕು ಅಂತ ಟಿವಿ ಹಚ್ಚಿದೆ. ಒಂಬತ್ತಾಯಿತು. ಹತ್ತಾಯಿತು. ಫೋನಿನಲ್ಲಿ ಹುಡುಕಿದರೆ ಸೋತಂತೆ. ಕೊನೆಗೆ ಮಗನನ್ನು ಎಬ್ಬಿಸಿ ಓಡಿಸಿದೆ. ಅವನು ಕಣ್ಣುಜ್ಜುತ್ತಾ ಬಂದು ಹೇಳಿದ:

‘ಯಾರೂ ಗೆಲ್ಲಲಿಲ್ಲಂತ. ಊರಿಗೆ ಹೋಗೋ ಹಡಗು ಹೊಂಟಿತ್ತಂತ, ಅದಕ್ಕ ಆಟ ಬಿಟ್ಟು ಹೋದ್ರಂತ. ಯಾವ ಹಡಗು ಅಂತ ಅಜ್ಜ ಮುಂಜಾನೆ ಆರಕ್ಕ ಬಂದು ಹೇಳ್ತಾರಂತ.’