ಮೂರಿಂಚಿನ ಜಂಬ

ನನ್ನ ಹಳೇ ಜೀಪನ್ನು 3 ಇಂಚು ಎತ್ತರ ಮಾಡಿಸಿದ್ದು ತಾಮ್ಹಿಣಿ ಘಾಟಿನ ಕಲ್ಲುದಾರಿಗೆ ಅಂತ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ನಿಜವಾಗಿ ಅದು ಪುಣೆಯ ಕೋಥ್ರೂಡಿನ ನಮ್ಮ ಸೊಸೈಟಿ ಪಾರ್ಕಿಂಗಿನಲ್ಲಿ ಪಕ್ಕದ ಗಾಡಿಗಿಂತ ದೊಡ್ಡದಾಗಿ ಕಾಣಲಿ ಅಂತ. ಧಾರವಾಡದಿಂದ ಬಂದ ಅವ್ವ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಹತ್ತೂದು ಹೆಂಗೋ?" ಅಂದಳು. ಅಡುಗೆಮನೆ ಸ್ಟೂಲು ಅವತ್ತಿನಿಂದ ಜೀಪಿನಲ್ಲೇ ಉಳಿಯಿತು.

ಮೊದಲು ಕೈಕೊಟ್ಟಿದ್ದು ಸ್ಟೇರಿಂಗು. ಸ್ಟೇರಿಂಗ್ ಬಾಕ್ಸ್ ಚಾಸಿ ಜೊತೆ ಮೇಲೆ ಹೋಯಿತು, ಆಕ್ಸಲ್ ಕೆಳಗೇ ಉಳಿಯಿತು, ನಡುವಿನ ರಾಡು ಗೋಡೆಗೆ ಒರಗಿಸಿದ ಏಣಿ ಥರ ಓರೆಯಾಯಿತು. ಚಕ್ರ ಗುಂಡಿಗಿಳಿದಾಗಲೆಲ್ಲ ಗಾಡಿ ತನ್ನಷ್ಟಕ್ಕೆ ತಾನೇ ಪಕ್ಕಕ್ಕೆ ಎಳೆಯುತ್ತಿತ್ತು. ಪುಣೆಯಲ್ಲಿ ಗುಂಡಿಗೇನು ಬರವೇ? ರಿಕ್ಷಾದವರಿಂದ ನಾನು ಕಲಿತ ಮರಾಠಿಯನ್ನು ಇಲ್ಲಿ ಬರೆಯುವ ಹಾಗಿಲ್ಲ. ಸಾಲದ್ದಕ್ಕೆ ಕ್ಯಾಸ್ಟರ್, ಅಂದರೆ ಮುಂದಿನ ಚಕ್ರ ತಿರುಗುವ ಅಚ್ಚು ಹಿಂದಕ್ಕೆ ವಾಲಿರುವ ಓರೆ, ಕಮ್ಮಿಯಾಗಿ, ತಿರುಗಿಸಿದ ಚಕ್ರ ತಾನಾಗಿ ನೆಟ್ಟಗಾಗುವುದನ್ನೇ ಮರೆತಿತ್ತು. ಒಂದು ದಿನ 55ರ ವೇಗದಲ್ಲಿ ಸೇತುವೆಯ ಜಾಯಿಂಟು ದಾಟಿದ್ದೇ ತಡ, ಮುಂದಿನ ಎರಡೂ ಚಕ್ರ ಮೈಮೇಲೆ ದೇವರು ಬಂದ ಹಾಗೆ ಕುಣಿಯತೊಡಗಿದವು. ನಾನು ಸ್ಟೇರಿಂಗಿಗೆ ಜೋತುಬಿದ್ದಿದ್ದೆ. "ನಿಲ್ಲಸೋ, ಚಟ್ನಿಪುಡಿ ಚೆಲ್ಲಾಕತ್ತೇತಿ!" ಅಂತ ಹಿಂದಿನಿಂದ ಅವ್ವ.

ನಾನಾ ಪೇಠಿನಿಂದ ಚಕ್ರಗಳನ್ನು ಜೋಡಿಸುವ ರಾಡಿನ ತುದಿಗೆ ಹೊಸ ಕೀಲು (ಟೈರಾಡ್ ಎಂಡ್), ಓರೆಯಾದ ರಾಡನ್ನು ಕೆಳಗಿಳಿಸಲು ಸ್ಟೇರಿಂಗ್ ಬಾಕ್ಸಿಗೆ ಉದ್ದ ಬಾಗಿದ ತೋಳು (ಪಿಟ್‌ಮನ್ ಆರ್ಮ್) ಬಂದವು. ಕುಣಿತ ನಿಂತಿತು.

ಆಗ ನಡುಕ ಶುರುವಾಯಿತು. ಓಡುವಾಗ ನ್ಯೂಟ್ರಲ್ ಮಾಡಿದರೂ ನಿಲ್ಲದು, ಅಂದರೆ ಇಂಜಿನ್ನಿನದಲ್ಲ. ಎರಡು ಸಲ ವೀಲ್ ಬ್ಯಾಲೆನ್ಸಿಂಗ್ ಮಾಡಿಸಿದೆ. ದುಡ್ಡು ಹೋಯಿತು, ನಡುಕ ಹೋಗಲಿಲ್ಲ. ಕೊನೆಗೆ ಸೊಲ್ಲಾಪುರ ಕಡೆಯ ಕನ್ನಡದ ಮೇಸ್ತ್ರಿಯೊಬ್ಬರು ಸಿಕ್ಕರು. ಗೇರ್‌ಬಾಕ್ಸ್ ಕಡೆಯಿಂದ ಹಿಂದಿನ ಆಕ್ಸಲ್ಲಿಗೆ ಸುತ್ತು ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸು, ಅಂದರೆ ತುದಿಯ ಕೀಲು, ಓರೆಯಾಗಿ ಕೂತರೆ ಒಂದೇ ಸುತ್ತಿನಲ್ಲಿ ಶಾಫ್ಟನ್ನು ಎರಡು ಸಲ ಓಡಿಸಿ ಎರಡು ಸಲ ತಡೆಯುತ್ತದಂತೆ. ಇನ್ನೊಂದು ತುದಿಯ ಕ್ರಾಸೂ ಅಷ್ಟೇ ಓರೆಯಿದ್ದರೆ, ಅತ್ತೆ ಜಾಸ್ತಿ ಹಾಕಿದ ಉಪ್ಪಿಗೆ ಸೊಸೆ ಸುಮ್ನೆ ನೀರು ಬೆರೆಸಿದ ಹಾಗೆ, ಎಲ್ಲ ಸರಿಹೋಗುತ್ತದೆ. ಹಿಂದಿನ ಪಟ್ಟಾ ಸ್ಪ್ರಿಂಗು ಮತ್ತು ಆಕ್ಸಲ್ ನಡುವೆ ಬೆಣೆ ಕೊಟ್ಟು ಓರೆ ಸರಿಮಾಡಿದರು. ನಡುಕ ಅರ್ಧಕ್ಕರ್ಧ ಇಳಿಯಿತು, ಪೂರ್ತಿ ಹೋಗಲಿಲ್ಲ.

ಮೇಸ್ತ್ರಿ ಮತ್ತೆ ಗಾಡಿ ಕೆಳಗೆ ಹೋದರು. ಗ್ರೀಸು ಒರೆಸುವ ಸದ್ದು. ಆಮೇಲೆ ದೊಡ್ಡ ಮೌನ.

"ಸಾಹೇಬ್ರ, ಈ ಶಾಫ್ಟ್ ಯಾರ್ರೀ ಬಿಚ್ಚಿದ್ದು? ಎರಡೂ ಕಡಿ ಕ್ರಾಸ್ ಹಿಡಿಯೋ ಯೋಕ್ ಒಂದs ಸಾಲಿನ್ಯಾಗ ಇರಬೇಕು. ಇದು ಹಲ್ಲು ತಪ್ಪಿ ಕೂತೇತಿ. ಬಾಣದ ಗುರ್ತು ಸುದ್ದಾ ಐತಿ ಇಲ್ಲೆ!"

"ಯಾರೋ ಹಳೇ ಮೆಕ್ಯಾನಿಕ್" ಅಂದೆ.

"ಅವನ ಕೈಯಾಗ ಮತ್ತ ಪಾನಾ ಕೊಡಬ್ಯಾಡ್ರಿ."

"ಛೇ, ಅವನನ್ನು ಬಿಟ್ಟೇ ಬಿಟ್ಟೆ."

ಗ್ಯಾರೇಜಿನ ನೆರಳಲ್ಲಿ ಸ್ಟೂಲ್ ಹಾಕಿಕೊಂಡು ಕೂತಿದ್ದ ಅವ್ವ ಆಗ ಬಾಯಿಬಿಟ್ಟಳು. "ಅಲ್ಲೋ, ಹೋದ ತಿಂಗಳು ಐತವಾರ ಮೊಬೈಲ್ ನೋಡಕೋತ ಗಾಡಿ ಕೆಳಗ ಮಲಗಿದಾಂವ ನೀನs ಅಲ್ಲೇನು?"