ಒಲಿಂಪಿಯಾಕ್ಕೆ ಹೋದವರು ವಸ್ತುಸಂಗ್ರಹಾಲಯವನ್ನು ಬಿಡಬಾರದು

ಗ್ರೀಸಿನ ಪಶ್ಚಿಮ ಕರಾವಳಿಯ ಕಟಾಕೊಲೊ ಎಂಬ ಪುಟ್ಟ ಊರಿನಲ್ಲಿ ಕ್ರೂಸ್ ಹಡಗುಗಳು ನಿಲ್ಲುವುದು ಕೆಲವೇ ಗಂಟೆ. ಇಳಿದವರಲ್ಲಿ ಬಹುಪಾಲು ಜನ ಹೋಗುವುದು ಅಲ್ಲಿಂದ ಸುಮಾರು 35 ಕಿ.ಮೀ. ದೂರದ, ಹಿಂದಿನ ಒಲಿಂಪಿಕ್ ಕ್ರೀಡೆಗಳು ನಡೆಯುತ್ತಿದ್ದ ಪ್ರಾಚೀನ ಒಲಿಂಪಿಯಾಕ್ಕೆ. ಸಮಯ ಸಾಲದೆಂದು ಅವಶೇಷಗಳನ್ನಷ್ಟೇ ತೋರಿಸಿ, ಪಕ್ಕದ ವಸ್ತುಸಂಗ್ರಹಾಲಯವನ್ನು ಕೈಬಿಟ್ಟು, ಬಳಿಕ ಅಂಗಡಿಗಳ ಮುಂದೆ ಬಸ್ಸು ನಿಲ್ಲಿಸುವ ಪ್ರವಾಸಗಳನ್ನು ನಾನು ಒಪ್ಪಲಾರೆ.

ಗ್ರೀಕರ ದೇವರಾಜ ಜ್ಯೂಸ್‌ನ ದೇವಾಲಯದ ಬಳಿ ನಿಂತರೆ ಕಾರಣ ತಿಳಿಯುತ್ತದೆ. ಕ್ರಿ.ಪೂ. 5ನೆಯ ಶತಮಾನದ ಆ ಕಟ್ಟಡ ಕ್ರಿ.ಶ. 6ನೆಯ ಶತಮಾನದ ಭೂಕಂಪಗಳಿಗೆ ಕುಸಿಯಿತು. ಕಂಬಗಳ ದುಂಡುಗಲ್ಲುಗಳು ಬಿದ್ದ ಸಾಲಿನಲ್ಲೇ ಇಂದಿಗೂ ಒರಗಿವೆ, 2004ರಲ್ಲಿ ಮರಳಿ ನಿಲ್ಲಿಸಿದ ಒಂದು ಕಂಬ ಮಾತ್ರ ಮೂಲ ಎತ್ತರವನ್ನು ಹೇಳುತ್ತದೆ. ಆದರೆ ಆ ದೇವಾಲಯದ ಮುಂದಣ ಮತ್ತು ಹಿಂದಣ ತ್ರಿಕೋನ ಮುಖಗಳನ್ನು ತುಂಬಿದ್ದ ಶಿಲ್ಪಗಳೂ, ಪುರಾಣದ ವೀರ ಹೆರಕ್ಲೀಸನ ಹನ್ನೆರಡು ಸಾಹಸಗಳ ಫಲಕಗಳಲ್ಲಿ ಉಳಿದಿರುವ ಹಲವು ಭಾಗಗಳೂ ಇರುವುದು ವಸ್ತುಸಂಗ್ರಹಾಲಯದಲ್ಲಿ. ಹಿಂದಣ ಮುಖದ ಶಿಲ್ಪಗಳಲ್ಲಿ, ಮದುವೆಯ ಔತಣದಲ್ಲಿ ಸೆಂಟಾರರು (ಅರ್ಧ ಮನುಷ್ಯ, ಅರ್ಧ ಕುದುರೆಯ ಪುರಾಣಜೀವಿಗಳು) ಎಬ್ಬಿಸಿದ ಗದ್ದಲದ ನಡುವೆ ಬಲಗೈ ಚಾಚಿ ನಿಂತ ಅಪೊಲೋ ದೇವರ ಮೂರ್ತಿಯನ್ನು ಕಾಣದೆ ಬಂದವರು ಆ ಗುಡಿಯ ಅಡಿಪಾಯವನ್ನು ಮಾತ್ರ ನೋಡಿದ್ದಾರೆ ಎಂದೇ ನನ್ನ ಭಾವನೆ. ಆ ಗುಡಿಯೊಳಗಿದ್ದ ಚಿನ್ನ ಮತ್ತು ದಂತದ ಜ್ಯೂಸ್ ಮಹಾಮೂರ್ತಿಯನ್ನು ರೂಪಿಸಿದ ಶಿಲ್ಪಿ ಫಿಡಿಯಾಸನ ಕಾರ್ಯಾಗಾರ ಹೊರಗಿದೆ. ಅಲ್ಲೇ ದೊರೆತ, 'ನಾನು ಫಿಡಿಯಾಸನದು' ಎಂಬ ಬರಹವುಳ್ಳ ಸಣ್ಣ ಮಣ್ಣಿನ ಪಾತ್ರೆ ಒಳಗಿದೆ. ಜಗತ್ತಿನ ಅದ್ಭುತವೆನಿಸಿದ್ದ ಆ ಮೂರ್ತಿ ಉಳಿದಿಲ್ಲವಾದ್ದರಿಂದ, ಈ ಪಾತ್ರೆಯೇ ನಮ್ಮನ್ನು ಶಿಲ್ಪಿಯ ಅತಿ ಸಮೀಪಕ್ಕೆ ಒಯ್ಯುತ್ತದೆ.

ಸುಮಾರು 192 ಮೀಟರ್ ಉದ್ದದ ಓಟದ ಅಂಗಳವನ್ನು ಬೇಕಿದ್ದರೆ ಬೇಗ ನೋಡಿ ಮುಗಿಸಬಹುದು.

ಕಟಾಕೊಲೊ ಕೂಡ ಬರೀ ಬಸ್ಸು ಹತ್ತುವ ಜಾಗವಲ್ಲ. 19ನೆಯ ಶತಮಾನದಲ್ಲಿ ಈ ಬಂದರನ್ನು ಬೆಳೆಸಿದ್ದು ಒಳನಾಡಿನ ತೋಟಗಳ ಸಣ್ಣ ಕಪ್ಪು ಒಣದ್ರಾಕ್ಷಿಯ ರಫ್ತು. 1883ರಲ್ಲಿ ಪಿರ್ಗೋಸ್ ಪಟ್ಟಣದಿಂದ ಇಲ್ಲಿಗೆ ರೈಲು ಹಾದಿ ಬಂದದ್ದೂ ಆ ವ್ಯಾಪಾರದ ಕಾಲದಲ್ಲೇ. ಮಾರ್ಗದರ್ಶಕರು ಬಸ್ಸು ಹೊರಡುವ ಮುನ್ನ ಇಷ್ಟನ್ನಾದರೂ ಹೇಳಬೇಕು. ಹಡಗಿಗೆ ಮರಳುವ ಮೊದಲು ಉಳಿಯುವ ಹೊತ್ತನ್ನು ದಡದ ಊಟದ ಮನೆಗಳಲ್ಲಿ ಕಳೆಯುವವರಿಗೆ ಆ ಊರಿನವರು ತಲೆಮಾರುಗಳಿಂದ ಸಮುದ್ರವನ್ನು ನಂಬಿ ಬದುಕಿದ ಬಗೆ ಆಗ ತಿಳಿಯುತ್ತದೆ. ಅದಕ್ಕಾಗಿ ಅಂಗಡಿಗಳ ಸುತ್ತಾಟವನ್ನು ಕಡಿತಗೊಳಿಸಿದರೆ ಯಾರಿಗೂ ನಷ್ಟವಿಲ್ಲ.