ದೊಡ್ಡ ಅವಿಭಾಜ್ಯ ಸಂಖ್ಯೆ ಹುಡುಕುವುದು ಬ್ಯಾಂಕಿಗಾಗಿ ಅಲ್ಲ

ಹೊಸ ದೊಡ್ಡ ಅವಿಭಾಜ್ಯ ಸಂಖ್ಯೆ (1 ಮತ್ತು ಅದೇ ಸಂಖ್ಯೆ ಬಿಟ್ಟು ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗದ್ದು) ಸಿಕ್ಕಿತು ಅಂತ ಸುದ್ದಿ ಬಂದಾಗಲೆಲ್ಲ ಜೊತೆಗೊಂದು ಸಾಲು ಬರುತ್ತದೆ: ಇದರಿಂದ ನಮ್ಮ ಆನ್‌ಲೈನ್ ವ್ಯವಹಾರ ಇನ್ನೂ ಭದ್ರವಾಗುತ್ತದಂತೆ. ದಯವಿಟ್ಟು ಅದನ್ನು ನಂಬಬೇಡಿ. ಅಲ್ಲಿ ಗುಟ್ಟು ಕಾಪಾಡೋಕೆ ಬಳಸುವುದು ಕೆಲವು ನೂರು ಅಂಕಿಗಳ, ಬೇರೆ ಯಾರಿಗೂ ಗೊತ್ತಾಗದ ಅವಿಭಾಜ್ಯಗಳನ್ನು. 2024ರ ಅಕ್ಟೋಬರ್‌ನಲ್ಲಿ ಅಮೆರಿಕದ ಲ್ಯೂಕ್ ಡ್ಯುರಾಂಟ್ ಕಂಡುಹಿಡಿದ ಸಂಖ್ಯೆಗೆ 4,10,24,320 ಅಂಕಿಗಳಿವೆ. ಅದು ಜಗತ್ತಿಗೆಲ್ಲ ಗೊತ್ತು. ಅದರಲ್ಲಿ ಯಾವ ಗುಟ್ಟು ಮುಚ್ಚಿಡೋಕಾಗುತ್ತೆ?

2ರ 13,62,79,841ನೇ ಘಾತದಿಂದ 1 ಕಳೆದರೆ ಬರುವ ಸಂಖ್ಯೆ ಅದು. ಇಂಥವಕ್ಕೆ ಮರ್ಸೆನ್ ಸಂಖ್ಯೆ ಅಂತಾರೆ. ನನಗೆ ಬೆರಗು ಅದರ ಗಾತ್ರದ ಬಗ್ಗೆ ಅಲ್ಲ, ಅದು ಅವಿಭಾಜ್ಯ ಅಂತ ಖಚಿತವಾಗಿ ಹೇಳೋಕೆ ಸಾಧ್ಯವಾಯಿತಲ್ಲ, ಅದರ ಬಗ್ಗೆ. ಒಂದೊಂದೇ ಸಂಖ್ಯೆಯಿಂದ ಭಾಗಿಸುತ್ತಾ ಹೋಗುವುದು ಆಗದ ಮಾತು.

ದಾರಿ ತೋರಿಸಿದ್ದು ಫ್ರಾನ್ಸ್‌ನ ಗಣಿತಜ್ಞ ಎಡ್ವರ್ಡ್ ಲ್ಯೂಕಾ, ಆಮೇಲೆ ಅದನ್ನು ಸರಳ ಮಾಡಿದ್ದು ಅಮೆರಿಕದ ಗಣಿತಜ್ಞ ಲೆಹ್ಮರ್. 4ರಿಂದ ಶುರು ಮಾಡಿ. ವರ್ಗ ಮಾಡಿ, 2 ಕಳೆಯಿರಿ, ನೀವು ಪರೀಕ್ಷಿಸುತ್ತಿರುವ ಮರ್ಸೆನ್ ಸಂಖ್ಯೆಯಿಂದ ಭಾಗಿಸಿ ಶೇಷ ಇಟ್ಟುಕೊಳ್ಳಿ. ಘಾತ ಎಷ್ಟೋ ಅದಕ್ಕಿಂತ 2 ಕಡಿಮೆ ಸಲ ಹೀಗೆ ಮಾಡಿ (ಘಾತ 3, 5, 7, 11ರಂಥ ಅವಿಭಾಜ್ಯ ಆಗಿರಬೇಕು). ಕೊನೆಗೆ 0 ಬಂದರೆ ಅದು ಅವಿಭಾಜ್ಯ, ಬೇರೇನು ಬಂದರೂ ಅಲ್ಲ. 2ರ 5ನೇ ಘಾತದಿಂದ 1 ಕಳೆದರೆ 31. ಮೂರು ಸಲ ಮಾಡಬೇಕು: 4, 14, ಆಮೇಲೆ 194ರ ಶೇಷ 8, ಆಮೇಲೆ 62ರ ಶೇಷ 0. ಮುಗೀತು!

ಈಗ 2ರ 11ನೇ ಘಾತದಿಂದ 1 ಕಳೆದದ್ದು, 2047. ಒಂಬತ್ತು ಸಲ ಮಾಡಿದರೆ ಕೊನೆಗೆ 1736 ಉಳಿಯುತ್ತದೆ. ಅಂದರೆ ಅದು ಅವಿಭಾಜ್ಯ ಅಲ್ಲ. ಆದರೆ 23 ಮತ್ತು 89ರ ಗುಣಲಬ್ಧ ಅನ್ನುವ ಸುಳಿವು ಈ ಲೆಕ್ಕದಲ್ಲಿ ಎಲ್ಲೂ ಸಿಗುವುದಿಲ್ಲ. ಒಡೆಯುತ್ತದೆ ಅಂತ ಗೊತ್ತು, ಎಲ್ಲಿ ಅಂತ ಗೊತ್ತಿಲ್ಲ! ನನ್ನ ಮಟ್ಟಿಗೆ ಗಣಿತದಲ್ಲಿ ಇದಕ್ಕಿಂತ ಸೊಗಸಾದದ್ದು ಕಡಿಮೆ.

ಇದು ಸುಮ್ನೆ ಆಟದ ಮಾತಲ್ಲ. 2ರ 67ನೇ ಘಾತದಿಂದ 1 ಕಳೆದದ್ದು ಅವಿಭಾಜ್ಯ ಅಂತ 1644ರಲ್ಲಿ ಫ್ರಾನ್ಸ್‌ನ ಪಾದ್ರಿ ಮರ್ಸೆನ್ (ಈ ಸಂಖ್ಯೆಗಳಿಗೆ ಅವರದೇ ಹೆಸರು) ಬರೆದಿದ್ದರು. 1876ರಲ್ಲಿ ಲ್ಯೂಕಾ ಅಲ್ಲ ಅಂತ ತೋರಿಸಿದರು, ಅಪವರ್ತನ ಮಾತ್ರ ಸಿಕ್ಕಿರಲಿಲ್ಲ. ಅದು 193707721 ಮತ್ತು 761838257287ರ ಗುಣಲಬ್ಧ ಅಂತ ಅಮೆರಿಕದ ಫ್ರಾಂಕ್ ನೆಲ್ಸನ್ ಕೋಲ್ ತೋರಿಸಿದ್ದು 1903ರಲ್ಲಿ. ಅದೇ 1876ರಲ್ಲೇ ಲ್ಯೂಕಾ 39 ಅಂಕಿಗಳ ಇನ್ನೊಂದು ಸಂಖ್ಯೆ, 2ರ 127ನೇ ಘಾತದಿಂದ 1 ಕಳೆದದ್ದು, ಅವಿಭಾಜ್ಯ ಅಂತ ಕೈಲೆಕ್ಕದಲ್ಲೇ ಸಾಧಿಸಿದರು. 1951ರವರೆಗೆ ಅದನ್ನು ಮೀರಿಸಿದ್ದು ಯಾವುದೂ ಸಿಗಲಿಲ್ಲ.

ಇದನ್ನೆಲ್ಲ ಬಿಟ್ಟು ಮಕ್ಕಳಿಗೆ ಬ್ಯಾಂಕಿನ ಕಥೆ ಯಾಕೆ ಹೇಳಬೇಕು? ಒಂಬತ್ತನೇ ಕ್ಲಾಸಿನ ಹುಡುಗ ಹುಡುಗಿಯರಿಗೆ ವರ್ಗ ಮಾಡೋದು, ಕಳೆಯೋದು, ಶೇಷ ಹುಡುಕೋದು ಬರುತ್ತೆ ಅಲ್ವಾ? ಇದಕ್ಕೆ ಅದಕ್ಕಿಂತ ಜಾಸ್ತಿ ಏನೂ ಬೇಡ. 2ರ 7ನೇ ಘಾತದಿಂದ 1 ಕಳೆದರೆ ಬರುವ 127 ಕೊಟ್ಟು ಬೋರ್ಡಿನ ಮೇಲೆ ಮಾಡಿಸಿ. 4, 14, 67, 42, 111 ಬರುತ್ತದೆ, ಮುಂದಿನದನ್ನು ಅವರೇ ಹೇಳಲಿ.